ಮಡಗಾಸ್ಕರ್‌ನ ಕೊಂಬಿನ ತಾಯಿತ: ಷೋಕೇಸಿನಲ್ಲಿ ಇಡಬಹುದಾ?

ಮದ್ದೂರ್ ಬಾಯ್

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ನಾನು ಮಡಗಾಸ್ಕರ್‌ನ ರಾಜಧಾನಿ ಆಂಟನಾನರಿವೊದಲ್ಲಿ ಇದ್ದೇನೆ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಕ್ವಾಲಿಟಿ ಚೆಕಿಂಗ್ ಮಾಡುತ್ತಿದ್ದೆ, ಇಲ್ಲೂ ಅದೇ ಕೆಲಸ. ಮಡಗಾಸ್ಕರ್ ಬಗ್ಗೆ ತಿಳಿದವರು ಯಾರಾದರೂ ಇದ್ದರೆ ಒಂದು ಸಹಾಯ ಬೇಕು.

ಹೋದ ಶನಿವಾರ ಒಂದು ಸಂತೆಯಲ್ಲಿ ಕೊಂಬಿನ ತಾಯಿತ ಕೊಂಡೆ. ದನದ ಕೊಂಬಿನ ತುದಿ, ಸುಮಾರು ಒಂದು ಗೇಣು ಉದ್ದ. (ಇಲ್ಲಿನ ದನಗಳಿಗೂ ನಮ್ಮವುಗಳ ಹಾಗೇ ಹಿಣಿಲು ಇದೆ. ನೋಡಿದಾಗೆಲ್ಲ ಊರಿನ ನೆನಪು.) ಕೊಂಬಿನ ಬಾಯಿ ಸುತ್ತ ಬಿಳಿ, ಕೆಂಪು, ಕಪ್ಪು ಮಣಿಗಳ ಪಟ್ಟಿ ಹೊಲಿದಿದ್ದಾರೆ. ಒಳಗೆ ಕಪ್ಪಗೆ ಮೇಣದ ಥರ ಏನೋ ತುಂಬಿದೆ. ಅದರಲ್ಲಿ ಒಂದು ಪುಟ್ಟ ಕತ್ತರಿ ತಲೆಕೆಳಗಾಗಿ ಚುಚ್ಚಿದೆ. ಹಿಡಿಗಳು ಮಾತ್ರ ಹೊರಗೆ ಕಾಣುತ್ತವೆ. ತುಂಬಾ ಹಳೇದು, ಅಜ್ಜನ ಕಾಲದ್ದು ಅಂತ ಹೇಳಿ 60,000 ಆರಿಯಾರಿ ತೆಗೆದುಕೊಂಡರು.

ಸೋಮವಾರ ಅಡುಗೆಗೆ ಬರುವ ಅಮ್ಮ ಅದನ್ನು ನೋಡಿದರು. ಬಾಗಿಲಲ್ಲೇ ನಿಂತುಬಿಟ್ಟರು. "ಊಡಿ" ಅಂದರು, ಅಷ್ಟೇ. ಆಮೇಲೆ ಅಡುಗೆ ಮಾಡಿದರು, ಪಾತ್ರೆ ತೊಳೆದರು, ಮನೆಯೆಲ್ಲ ಗುಡಿಸಿದರು. ಆ ಷೆಲ್ಫ್ ಮಾತ್ರ ಒರೆಸಲಿಲ್ಲ. ಇವತ್ತಿಗೂ ಒರೆಸುತ್ತಿಲ್ಲ. ಕೇಳಿದರೆ ನಗುತ್ತಾರೆ. ನನಗೆ ಫ್ರೆಂಚ್ ಅಷ್ಟಕ್ಕಷ್ಟೇ, ಇಲ್ಲಿನ ಭಾಷೆ ಇನ್ನೂ ಕಡಿಮೆ.

ಇದು ನಿಜವಾಗಲೂ ಏನು? ಮನೆಯಲ್ಲಿ ಇಡಬಹುದಾ? ರಜೆಗೆ ಬರುವಾಗ ಊರಿಗೆ ತರಬಹುದಾ?

ಸುಮ್ನೆ ಕೇಳ್ದೆ

60,000 ಅಂದ ತಕ್ಷಣ ಎದೆ ಧಸಕ್ ಅಂತು. ನಮ್ಮ ದುಡ್ಡಲ್ಲಿ ಎಷ್ಟು ಗುರು? ಅಡುಗೆಯಮ್ಮ ಕೆಲಸ ಬಿಟ್ಟು ಹೋದರೆ ಅದಕ್ಕಿಂತ ದೊಡ್ಡ ಶಾಪ ಇಲ್ಲ, ಹುಷಾರು.

ಮದ್ದೂರ್ ಬಾಯ್

ಸಾವಿರದ ಚಿಲ್ಲರೆ ರೂಪಾಯಿ ಅಷ್ಟೇ. ಅಡುಗೆಯಮ್ಮನ ಬಗ್ಗೆ ನನಗೂ ಅದೇ ಭಯ.

ಕರಿಮಣಿ

ನಾನು ಯುರೋಪಿನ ಒಂದು ಮ್ಯೂಸಿಯಂನಲ್ಲಿ ಹಳೇ ವಸ್ತುಗಳನ್ನು ಕೆಡದ ಹಾಗೆ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಇಂಥ ನಾಲ್ಕೈದು ಕೊಂಬುಗಳು ನನ್ನ ಕೈ ದಾಟಿವೆ. ಗೊತ್ತಿರುವಷ್ಟು ಹೇಳುತ್ತೇನೆ.

ಇದಕ್ಕೆ ಮುಹಾರ ಅನ್ನುತ್ತಾರೆ. ಮುಹಾರ ಅಂದರೆ ಕೊಂಬಿನ ಕರಡಿಗೆ. ಅದರೊಳಗಿನ ಶಕ್ತಿಯ ವಸ್ತುವಿಗೆ ಊಡಿ ಅಂತ ಹೆಸರು. ಅವರು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು "ಓಡಿ" ಅಂತ. ಆದರೆ ಅಲ್ಲಿನ ಮಲಗಾಸಿ ಭಾಷೆಯಲ್ಲಿ ಓ ಬರೆದರೆ ಊ ಅಂತ ಓದಬೇಕು. ಔಷಧಿಗೆ ಅವರು ಹೇಳುವ ಪದ ಫಾನಾಫೂಡಿ. ಅದು ಹುಟ್ಟಿದ್ದೂ ಊಡಿಯಿಂದಲೇ. ಅಂದರೆ ಮೆಡಿಕಲ್ ಸ್ಟೋರಿನ ಮಾತ್ರೆಗೂ ಕೊರಳಿನ ತಾಯಿತಕ್ಕೂ ಬೇರು ಒಂದೇ. ನಾವು ಮಾಟ ಅಂದ ತಕ್ಷಣ ಒಂದು ಕಡೆಗೆ, ಮದ್ದು ಅಂದ ತಕ್ಷಣ ಇನ್ನೊಂದು ಕಡೆಗೆ ತಳ್ಳುತ್ತೇವೆ. ಅಲ್ಲಿ ಆ ಗೋಡೆ ಅಷ್ಟು ಗಟ್ಟಿ ಇಲ್ಲ. (ನಮ್ಮಲ್ಲೂ "ಮದ್ದು ಹಾಕಿದ್ದಾರೆ" ಅಂತ ಹೇಳುವಾಗ ಯಾವ ಅರ್ಥದಲ್ಲಿ ಹೇಳುತ್ತೇವೆ, ನೆನಪಿಸಿಕೊಳ್ಳಿ.)

ಊಡಿ ಮಾಡಿಕೊಡುವವರು ಉಂಬಿಯಾಸಿ. ಮಂತ್ರವಾದಿ ಅಂತ ಅನುವಾದ ಮಾಡಿದರೆ ಅನ್ಯಾಯ. ನಾಟಿ ವೈದ್ಯ, ಜೋಯಿಸ, ಮಾತು ಬಲ್ಲ ಹಿರಿಯ, ಮೂವರನ್ನೂ ಸೇರಿಸಿದರೆ ಹತ್ತಿರ ಬರುತ್ತದೆ. ನಮ್ಮ ಹಳ್ಳಿಗಳಲ್ಲಿ ಪಂಡಿತರು ಅನ್ನುತ್ತೇವಲ್ಲ, ಆ ಥರ.

ಕೊಂಬಿನೊಳಗೆ ಸಾಮಾನ್ಯವಾಗಿ ಇರುವುದು ಮರದ ಚೂರುಗಳು, ಮಣಿ, ಮರಳು, ಜೇನು, ಹರಳೆಣ್ಣೆ, ಕಬ್ಬಿಣದ ತುಂಡು. ಕತ್ತರಿ ಇರುವುದೂ ನಿಜ, ಬರೋ ಕೇಡನ್ನು ಕತ್ತರಿಸಲಿ ಅಂತ. ಇಲ್ಲಿ ಒಂದು ವಿಷಯ ನನಗೆ ತುಂಬಾ ಹಿಡಿಸಿತು. ಮರವನ್ನು ಆರಿಸುವಾಗ ಅದರ ರಸಕ್ಕಿಂತ ಹೆಸರಿಗೇ ಬೆಲೆ ಜಾಸ್ತಿ. ಮಣಿಗಳೂ ಹಾಗೇ, ಒಂದೊಂದಕ್ಕೂ ಒಂದು ಹೆಸರು. ಒಂದು ಮಣಿಯ ಹೆಸರು ತ್ಸಿಲೆಯುಂಡೂಜ, "ಆಪತ್ತಿಗೆ ಸೋಲದ್ದು" ಅಂತ ಅರ್ಥ. ಇನ್ನೊಂದು ವೂಲತ್ಸಿವಾಕಿ, "ಒಡೆಯದ ಬೆಳ್ಳಿ". ಹಿಂದೆ ಅಲ್ಲಿ ಬೆಳ್ಳಿ ನಾಣ್ಯಗಳನ್ನು ಚೂರು ಮಾಡಿ, ತೂಗಿ ಚಿಲ್ಲರೆಯಾಗಿ ಬಳಸುತ್ತಿದ್ದರು. ಹಾಗಾಗಿ ತುಂಡಾಗದ ಇಡೀ ನಾಣ್ಯ ಅಂದರೆ ಅದಕ್ಕೆ ಬೇರೆಯೇ ಗೌರವ. ರಾಜನಿಗೆ ಕಾಣಿಕೆ ಕೊಡುತ್ತಿದ್ದದ್ದೂ ಅದನ್ನೇ.

ಇಷ್ಟೆಲ್ಲ ತುಂಬಿದರೂ ಅದು ಊಡಿ ಆಗುವುದಿಲ್ಲ. ಅದಕ್ಕೆ ಮಾತಾಡಿ ಎಬ್ಬಿಸಬೇಕು. ನೀನು ಇಂಥ ಮರ, ಇಂಥ ಕೆಲಸಕ್ಕೆ ನಿನ್ನನ್ನು ತಂದಿದ್ದೇವೆ ಅಂತ ಒಂದೊಂದನ್ನೂ ಕರೆದು ಹೇಳಬೇಕು. ಆಮೇಲೆ ಆಗಾಗ ಜೇನು, ಎಣ್ಣೆ ಹಚ್ಚುತ್ತಿರಬೇಕು. ಧರಿಸಿದವರು ಅದರ ಫಾಡಿ ಪಾಲಿಸಬೇಕು. ಫಾಡಿ ಅಂದರೆ ಮಾಡಬಾರದ್ದು, ತಿನ್ನಬಾರದ್ದು. ಹಂದಿ ಮಾಂಸ, ಈರುಳ್ಳಿ ಹೀಗೆ ಒಂದೊಂದು ಊಡಿಗೆ ಒಂದೊಂದು ಪಟ್ಟಿ. ಫಾಡಿ ಮುರಿದರೆ ಊಡಿ ಕೆಲಸ ಮಾಡುವುದಿಲ್ಲ.

ಈಗ ನಿಮ್ಮ ಕೊಂಬಿಗೆ ಬರೋಣ. ಮೂಸಿ ನೋಡಿ, ಹಳೇ ಜೇನು ಹರಳೆಣ್ಣೆಯ ಮುಗ್ಗಲು ವಾಸನೆ ಇದೆಯಾ? ಮಣಿಗಳ ತೂತಿನ ಅಂಚು ಸವೆದಿದೆಯಾ? ಪೋಣಿಸಿರುವ ದಾರ ಯಾವುದು? ಈ ಮೂರು ಹೇಳಿ. ಒಳಗಿರುವುದನ್ನು ಮಾತ್ರ ಕೆದಕಬೇಡಿ. ದೇವರ ಭಯಕ್ಕೆ ಹೇಳುತ್ತಿಲ್ಲ. ಕೆದಕಿದರೆ ಆಮೇಲೆ ಯಾರಿಗೂ ಏನೂ ತಿಳಿಯುವುದಿಲ್ಲ, ಅದಕ್ಕೆ.

ಬಳ್ಳಾರಿ ಬಿಸಿಲು

ಕರಿಮಣಿ ಮೇಡಂ ಹೇಳಿದ್ದು ಒಬ್ಬೊಬ್ಬರ ತಾಯಿತದ ಕಥೆ. ಇದರ ದೊಡ್ಡಣ್ಣ ಒಬ್ಬ ಇದ್ದಾನೆ. ಅವನ ಹೆಸರು ಸಾಂಪಿ. ಊಡಿ ಒಬ್ಬ ಮನುಷ್ಯನನ್ನು ಕಾಯುತ್ತದೆ. ಸಾಂಪಿ ಒಂದು ಕುಲವನ್ನು, ಊರನ್ನು, ರಾಜ್ಯವನ್ನೇ ಕಾಯುತ್ತದೆ.

ನೀವಿರುವ ಮಧ್ಯದ ಎತ್ತರದ ನಾಡು ಇಮೆರಿನ. ಅಲ್ಲಿ ಸುಮಾರು 1787ರಿಂದ 1810ರ ತನಕ ಆಳಿದ ಆಂಡ್ರಿಯಾನಾಂಪುಯಿನಿಮೆರಿನ ದೊಡ್ಡ ರಾಜ. (ಹೆಸರು ಒಂದೇ ಉಸಿರಿಗೆ ಹೇಳಿದವರಿಗೆ ನನ್ನ ಕಡೆಯಿಂದ ಮಿರ್ಚಿ.) ಊರೂರ ಸಾಂಪಿಗಳಲ್ಲಿ ಮುಖ್ಯವಾದವನ್ನು ಅರಮನೆಯ ಕಡೆಗೆ ಸೇರಿಸಿಕೊಂಡ. ಹನ್ನೆರಡು ರಾಜ ಸಾಂಪಿಗಳು ಅಂತ ಹೆಸರಾಯಿತು. ಕೆಲಿಮಲಾಜ ಅಂದರೆ "ಚಿಕ್ಕದು ಆದರೆ ಪ್ರಸಿದ್ಧ". ಮಾಂಜಾಕತ್ಸಿರೂವ ಅಂದರೆ "ಆಳುವವರು ಇಬ್ಬರಿಲ್ಲ". ಹೆಸರಿನಲ್ಲೇ ರಾಜಕೀಯ ಇದೆ ನೋಡಿ. ರಾಮಹಾವಾಲಿಗೆ ಹಾವುಗಳೆಲ್ಲ ಆಳುಗಳು. ಯುದ್ಧಕ್ಕೆ ಹೊರಟಾಗ ಸಾಂಪಿಯನ್ನು ಕೋಲಿಗೆ ಕಟ್ಟಿ ಮುಂದೆ ಹಿಡಿದು ನಡೆಯುತ್ತಿದ್ದರು. ಕಾಯುವವರಿಗೆ ಮಾನ, ಮರ್ಯಾದೆ, ಬಿಟ್ಟಿ ಚಾಕರಿಯಿಂದ ವಿನಾಯಿತಿ.

ನಮ್ಮ ಊರಿಗೂ ಇದಕ್ಕೂ ಒಂದು ಸಣ್ಣ ನಂಟಿದೆ. 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತಂದ ಜಾನ್ ಹ್ಯಾಂಡ್ಸ್ ಲಂಡನ್ ಮಿಷನರಿ ಸೊಸೈಟಿಯವರು. ಅದೇ ಸೊಸೈಟಿ 1818ರಲ್ಲಿ ಮಡಗಾಸ್ಕರ್‌ಗೆ ಜನ ಕಳಿಸಿತು. ಅವರು ಸಾಂಪಿಗೆ "ವಿಗ್ರಹ" ಅಂತ ಹೆಸರಿಟ್ಟು ಬರೆದರು. ಅಲ್ಲಿ ಕಣ್ಣು ಮೂಗು ಇರುವ ಮೂರ್ತಿಯೇ ಇರಲಿಲ್ಲ!

1869ರ ಫೆಬ್ರವರಿಯಲ್ಲಿ ಎರಡನೇ ರಾನಾವಲೂನ ರಾಣಿ ಮತ್ತು ಪ್ರಧಾನಿ ರೈನಿಲೈಯಾರಿವುನಿ ಕ್ರೈಸ್ತರಾದರು. ಸೆಪ್ಟೆಂಬರ್‌ನಲ್ಲಿ ರಾಣಿಯ ಆಳುಗಳು ಆಂಬೂಹಿಮಾನಾಂಬೂಲ ಎಂಬ ಹಳ್ಳಿಗೆ ಹೋಗಿ ಕೆಲಿಮಲಾಜವನ್ನು ಬೆಂಕಿಗೆ ಹಾಕಿದರು. ಅಷ್ಟು ದಿನ ಅದನ್ನು ಕಣ್ಣಾರೆ ಕಂಡವರು ತೀರಾ ಕಡಿಮೆ. ಹೊರಬಂದದ್ದು ಕೆಂಪು ರೇಷ್ಮೆ ಸುತ್ತಿದ ಒಂದು ಸಣ್ಣ ಮರದ ತುಂಡು. ಹೆಸರು ಮೊದಲೇ ಹೇಳಿತ್ತು, ಚಿಕ್ಕದು ಅಂತ.

ಸುಮ್ನೆ ಕೇಳ್ದೆ

ತಡೀರಿ ಸರ್. ರಾಮಹಾವಾಲಿ! ರಾಮ, ವಾಲಿ, ಮಧ್ಯದಲ್ಲಿ ಹಾವು ಬೇರೆ. ಇದನ್ನು ನಮ್ಮ ಫ್ಯಾಮಿಲಿ ಗ್ರೂಪಿಗೆ ಹಾಕಿದರೆ ಸಂಜೆಯೊಳಗೆ ಮಡಗಾಸ್ಕರ್ ಕಿಷ್ಕಿಂಧೆ ಆಗಿರುತ್ತದೆ.

ಬಳ್ಳಾರಿ ಬಿಸಿಲು

ದಯವಿಟ್ಟು ಹಾಕಬೇಡಿ. ಕಿಷ್ಕಿಂಧೆ ನಮ್ಮ ಜಿಲ್ಲೆಯ ಹತ್ತಿರವೇ ಇರಲಿ. "ರಾ" ಅಂದರೆ ಮರ್ಯಾದೆಗೆ ಸೇರಿಸುವ ಮಾತು, ನಮ್ಮ ಶ್ರೀ ಇದ್ದ ಹಾಗೆ. "ಮಹಾ" ಅಂದರೆ ಮಾಡಬಲ್ಲ. "ವಾಲಿ" ಅಂದರೆ ಉತ್ತರ. ತಿರುಗಿ ಉತ್ತರ ಕೊಡಬಲ್ಲವನು ಅಂತ ಅರ್ಥ. ನಮ್ಮ ಮಹಾ ಅಲ್ಲ, ನಮ್ಮ ವಾಲಿಯೂ ಅಲ್ಲ.

ಮಲಗಾಸಿ ಭಾಷೆ ಬಂದದ್ದು ಬೋರ್ನಿಯೋ ಕಡೆಯಿಂದ. ಅದಕ್ಕೆ ತೀರಾ ಹತ್ತಿರದ ನೆಂಟ ಅಲ್ಲಿನ ಮಾಆನ್ಯಾನ್. ಸಮುದ್ರ ದಾಟಿ ಬಂದವರ ಮಾತಿನಲ್ಲಿ ಮಲಯ ಭಾಷೆಯ ಮೂಲಕ ಸೇರಿಕೊಂಡ ಒಂದಿಷ್ಟು ಸಂಸ್ಕೃತ ಪದಗಳು ಇವೆ. ಒಂದು ಲಕ್ಷಕ್ಕೆ ಅವರು ಹೆತ್ಸಿ ಅನ್ನುತ್ತಾರೆ. ಅದು ನಮ್ಮ "ಕೋಟಿ". ದಾರಿಯಲ್ಲಿ ಎರಡು ಸೊನ್ನೆ ಕಳಕೊಂಡಿದೆ ಅಷ್ಟೇ. ಉಳಿದದ್ದಕ್ಕೆ ಸಿಸ, ಅದು "ಶೇಷ". ನಂಟು ಬೇಕಾದರೆ ಇಂಥದ್ದನ್ನು ಗ್ರೂಪಿಗೆ ಹಾಕಿ.

ಸುಮ್ನೆ ಕೇಳ್ದೆ

ಎರಡು ಸೊನ್ನೆ ಕಳಕೊಂಡ ಕೋಟಿ! ನನ್ನ ಸೈಟಿನ ಕಥೆಯೂ ಅದೇ.

ಎರೆ ಹೊಲ

ನಾನು ಗದಗ ಕಡೆ ರೈತ. ಒಂದು ಕೇಳಬೇಕು. ಮನುಷ್ಯನಿಗೆ, ರಾಜನಿಗೆ ಆಯಿತು. ಬೆಳೆಗೆ ಏನೂ ಇಲ್ಲವಾ? ನಮ್ಮಲ್ಲಿ ಹೊಲದಲ್ಲಿ ಬೆರ್ಚಪ್ಪ ನಿಲ್ಲಿಸುತ್ತೇವೆ, ಕಣ್ಣು ಬೀಳದಿರಲಿ ಅಂತ ಬೂದುಗುಂಬಳ ಕಟ್ಟುತ್ತೇವೆ.

ಕರಿಮಣಿ

ಒಳ್ಳೇ ಪ್ರಶ್ನೆ ಅಣ್ಣ. ಇದೆ, ಅದೂ ಆಲಿಕಲ್ಲಿಗೇ ಅಂತ. ಅದರ ಹೆಸರು ಊಡಿ ಹವಾಂಡ್ರ, ಆಲಿಕಲ್ಲಿನ ಊಡಿ. ಇಮೆರಿನದ ಗದ್ದೆಗಳಿಗೆ ಬೇಸಿಗೆಯ ಮಳೆಗಾಲದಲ್ಲಿ ಆಲಿಕಲ್ಲು ದೊಡ್ಡ ಶತ್ರು. ಅಲ್ಲಿ ನವೆಂಬರ್‌ನಿಂದ ಮಾರ್ಚ್ ತನಕ ಗುಡುಗು ಮಳೆ. ಕಾಳು ಕಟ್ಟಿದ ಭತ್ತದ ಮೇಲೆ ಹತ್ತು ನಿಮಿಷ ಕಲ್ಲು ಬಿದ್ದರೆ ವರ್ಷದ ಊಟ ಹೋಯಿತು.

ಇದನ್ನು ಮನೆಗೊಬ್ಬರು ಇಟ್ಟುಕೊಳ್ಳುವುದಿಲ್ಲ. ಒಂದು ಕಣಿವೆಯ ಗದ್ದೆಗಳಿಗೆಲ್ಲ ಸೇರಿ ಒಬ್ಬ ಕಾವಲುಗಾರ. ಅವನಿಗೆ ಮ್ಪಿಯಾರು ಹವಾಂಡ್ರ ಅನ್ನುತ್ತಾರೆ, ಆಲಿಕಲ್ಲು ಕಾಯುವವನು. ಮೋಡ ಕಟ್ಟಿದಾಗ ಊಡಿ ಹಿಡಿದು ಕಲ್ಲನ್ನು ಬೇರೆ ಕಡೆಗೆ ಓಡಿಸುವುದು ಅವನ ಕೆಲಸ. ಸುಗ್ಗಿಯಾದ ಮೇಲೆ ಮನೆಮನೆಯವರು ಅವನಿಗೆ ಭತ್ತ ಅಳೆದು ಕೊಡುತ್ತಾರೆ. ಅವನೂ ತನ್ನ ಫಾಡಿಗಳನ್ನು ಪಾಲಿಸಿಕೊಂಡೇ ಇರಬೇಕು.

ಎರೆ ಹೊಲ

ಅಂದರೆ ಆಯಗಾರ. ಬಡಿಗೇರ, ಕಂಬಾರ, ತಳವಾರ, ಹಾಗೇ ಆಲಿಕಲ್ಲಿಗೊಬ್ಬ. ಕಲ್ಲು ಬಿದ್ದ ವರ್ಷ ಅವನಿಗೆ ಭತ್ತ ಇಲ್ಲ ಅಂತಾದರೆ, ನಮ್ಮ ಬೆಳೆ ವಿಮೆಗಿಂತ ಲೆಕ್ಕ ಸರಿ ಇದೆ.

ಲೆಕ್ಕದ ಮೇಷ್ಟ್ರು

ಊಡಿ ಕಟ್ಟುವ ಮೊದಲು ಯಾವ ಊಡಿ, ಯಾವ ದಿನ ಅಂತ ನೋಡಲು ಉಂಬಿಯಾಸಿ ಸಿಕಿಡಿ ಹಾಕುತ್ತಾರೆ. ನನಗೆ ಮಡಗಾಸ್ಕರ್ ಪರಿಚಯ ಆದದ್ದೇ ಈ ಸಿಕಿಡಿಯಿಂದ. ತಾಯಿತದ ಬಗ್ಗೆ ನನಗೆ ನಂಬಿಕೆ ಇಲ್ಲ. ಈ ಲೆಕ್ಕದ ಬಗ್ಗೆ ಪ್ರೀತಿ ಇದೆ.

ಫಾನು ಎಂಬ ಮರದ ಬೀಜಗಳನ್ನು ರಾಶಿ ಹಾಕುತ್ತಾರೆ. ಕಣ್ಣಂದಾಜಿಗೆ ಒಂದು ಹಿಡಿ ತೆಗೆಯುತ್ತಾರೆ. ಅದರಿಂದ ಎರಡೆರಡೇ ಬೀಜ ಪಕ್ಕಕ್ಕೆ ಇಡುತ್ತಾ ಹೋಗುತ್ತಾರೆ. ಕೊನೆಗೆ ಒಂದು ಉಳಿಯಬೇಕು, ಇಲ್ಲವೇ ಎರಡು. ಉಳಿದದ್ದನ್ನು ನೆಲದ ಮೇಲೆ ಇಡುತ್ತಾರೆ. ಹೀಗೆ 16 ಸಲ ಮಾಡಿ 4 ಅಡ್ಡ, 4 ಉದ್ದ ಸಾಲು ತುಂಬುತ್ತಾರೆ. ಅದು ತಾಯಿ ಸಿಕಿಡಿ. ಅದು 65,536 ರೀತಿಯಲ್ಲಿ ಬೀಳಬಹುದು. ಆಮೇಲೆ ಆ ಸಾಲುಗಳನ್ನು ಎರಡೆರಡು ಕೂಡಿಸಿ ಹೊಸ ಎಂಟು ಸಾಲು ಹುಟ್ಟಿಸುತ್ತಾರೆ. ನಿಯಮ ಇಷ್ಟೇ: ಎರಡೂ ಒಂದೇ ಥರ ಇದ್ದರೆ ಎರಡು ಬೀಜ, ಬೇರೆ ಬೇರೆ ಇದ್ದರೆ ಒಂದು ಬೀಜ. ಕಂಪ್ಯೂಟರ್ ಓದಿದ ಮಕ್ಕಳು ಇದನ್ನು ನೋಡಿ ಎಕ್ಸ್-ಆರ್ ಅಂತ ಕೂಗುತ್ತಾರೆ. ಸಾಲು ಸರಿಯಾಗಿ ಬಂದಿದೆಯಾ ಅಂತ ಪರೀಕ್ಷಿಸುವ ಲೆಕ್ಕವೂ ಅದರಲ್ಲೇ ಇದೆ. ತಪ್ಪಾಗಿದ್ದರೆ ಗೊತ್ತಾಗಿಬಿಡುತ್ತದೆ. ನನ್ನ ಹತ್ತನೇ ಕ್ಲಾಸಿನ ಮಕ್ಕಳಿಗೆ ಹುಣಸೆಬೀಜದಲ್ಲಿ ಆಡಿಸಿದ್ದೇನೆ. ಭವಿಷ್ಯ ಹೇಳಿಲ್ಲ, ಆಣೆ.

ಇದರ ಮೂಲ ಅರಬರ ಮರಳು ಶಾಸ್ತ್ರ, ಅಂದರೆ ಮರಳಿನಲ್ಲಿ ಗುರುತು ಹಾಕಿ ಭವಿಷ್ಯ ನೋಡುವುದು. ಅಲ್ಲಿನ ತಿಂಗಳ ಹೆಸರುಗಳೂ ಅರಬ್ಬಿ ರಾಶಿಗಳಿಂದಲೇ ಬಂದವು. ಆಲಾಹಮಾಡಿ ಅಂದರೆ ಮೇಷ, ಆಡಾವುರು ವೃಷಭ, ಆಲಾಹಸಾಟಿ ಸಿಂಹ, ಆಲಕಾವುಸಿ ಧನು. ಆಲಕಾವುಸಿಯಲ್ಲಿ ಹುಟ್ಟಿದ ಮಗು ಅಂದರೆ ಹಿಂದೆ ಮನೆಯವರಿಗೆ ನಡುಕ. ನಮ್ಮ ಮೂಲಾ ನಕ್ಷತ್ರದ ಹೆಣ್ಣುಮಕ್ಕಳ ಪಾಡು ನೆನಪಾಯಿತು.

ಕರಿಮಣಿ

ಮೇಷ್ಟ್ರೇ, ಅದಕ್ಕೆ ಸೇರಿಸುತ್ತೇನೆ. ಆ ಅರಬ್ಬಿ ವಿದ್ಯೆಯ ತವರು ಆಗ್ನೇಯ ಕರಾವಳಿಯ ಆಂಟೆಮೂರು ಜನ. ಮಲಗಾಸಿ ಭಾಷೆಯನ್ನು ಅರಬ್ಬಿ ಅಕ್ಷರದಲ್ಲಿ ಬರೆದರು. ಆ ಪುಸ್ತಕಗಳಿಗೆ ಸೂರಾಬೆ ಅಂತ ಹೆಸರು. ಆವೂಹ ಗಿಡದ ತೊಗಟೆಯಿಂದ ಕಾಗದವನ್ನೂ ಅವರೇ ಮಾಡಿಕೊಂಡರು. ಅಕ್ಷರ ಬರೆದು ಮಡಿಚಿ ಕಟ್ಟುವ ತಾಯಿತವೂ ಉಂಟು. ಹಿರಿಜಿ ಅನ್ನುತ್ತಾರೆ, ಅರಬ್ಬಿಯ ಹಿರ್ಜ್ ಪದದಿಂದ ಬಂದದ್ದು. ಅವರ ಉಂಬಿಯಾಸಿಗಳನ್ನು ಇಮೆರಿನದ ಅರಮನೆಗೂ ಕರೆಸಿಕೊಂಡಿದ್ದರು.

ಸಿಕಿಡಿ ನೋಡಿದ ಮೇಲೆ ಎಲ್ಲದಕ್ಕೂ ಊಡಿಯೇ ಪರಿಹಾರ ಅಲ್ಲ. ಎಷ್ಟೋ ಸಲ ಫಾಡಿಟ್ರ ಮಾಡಿ ಅನ್ನುತ್ತಾರೆ. ಕೇಡನ್ನು ಒಂದು ವಸ್ತುವಿಗೆ ದಾಟಿಸಿ ಅದನ್ನು ದೂರ ಎಸೆಯುವುದು. ನಾವು ನಿವಾಳಿಸಿ ಮೂರು ದಾರಿ ಕೂಡುವಲ್ಲಿ ಹಾಕುತ್ತೇವಲ್ಲ, ಅದಕ್ಕೆ ಇದಕ್ಕಿಂತ ಹತ್ತಿರದ ಮಾತು ನನಗೆ ಸಿಕ್ಕಿಲ್ಲ.

ರೇವಿನ ಗಾಳಿ

ಕಾರವಾರದವನು, ಹಡಗಿನಲ್ಲಿ ಇಂಜಿನಿಯರ್ ಆಗಿದ್ದೆ. ವಾಯವ್ಯ ಕರಾವಳಿಯ ಮಹಾಜಂಗದಲ್ಲಿ ಹತ್ತು ದಿನ ಲಂಗರು ಹಾಕಿದ್ದೆವು. ಅಲ್ಲಿ ಗುಜರಾತಿ ಮೂಲದ ಅಂಗಡಿಯವರು ಜಾಸ್ತಿ. ಅವರನ್ನು ಕರಾನ ಅನ್ನುತ್ತಾರೆ. ಭಾರತದವನು ಅಂದ ತಕ್ಷಣ ನನ್ನನ್ನೂ ಕರಾನ ಮಾಡಿಬಿಟ್ಟರು.

ಆ ಕಡೆ ಸಕಲಾವ ಜನ. ಅವರಲ್ಲಿ ಮೊಸಳೆ ಹಲ್ಲಿಗೆ ತುಂಬಾ ಬೆಲೆ. ಹಲ್ಲಿನ ಒಳಗೆ ಟೊಳ್ಳು ಇರುತ್ತದೆ, ಅದರಲ್ಲಿ ಮದ್ದು ತುಂಬಿ ಧರಿಸುತ್ತಾರೆ. ಹಲ್ಲು ಸಿಗದಿದ್ದರೆ ಬೆಳ್ಳಿಯಲ್ಲಿ ಅದೇ ಆಕಾರ ಮಾಡಿಸುತ್ತಾರೆ. ತೀರಿಕೊಂಡ ರಾಜರ ಹಲ್ಲು, ಉಗುರು, ಕೂದಲನ್ನು ಕಾಪಿಟ್ಟು, ಕಾಲಕಾಲಕ್ಕೆ ಸ್ನಾನ ಮಾಡಿಸುವ ಹಬ್ಬವೂ ಅವರಲ್ಲಿದೆ. ಮೆನಾಬೆ ಕಡೆ ಅದಕ್ಕೆ ಫಿಟಾಂಪೂಹ ಅನ್ನುತ್ತಾರೆ.

ಮದ್ದೂರ್ ಬಾಯ್ ಅವರೇ, ನಿಮ್ಮ ಕೊಂಬು ದನದ್ದಾದರೂ ಕಸ್ಟಮ್ಸ್‌ನಲ್ಲಿ ಮೊದಲೇ ವಿಚಾರಿಸಿ. ಮೊಸಳೆ ಹಲ್ಲಿನ ಗೊಡವೆಗಂತೂ ಹೋಗಲೇಬೇಡಿ. ಮೊಸಳೆಯ ಯಾವ ಭಾಗವನ್ನೂ ದೇಶ ದಾಟಿಸಲು ಪರ್ಮಿಟ್ ಬೇಕು. 2023ರ ಅಕ್ಟೋಬರ್‌ನಲ್ಲಿ ಹುಲಿ ಉಗುರಿನ ಪೆಂಡೆಂಟ್ ಗಲಾಟೆ ಬೆಂಗಳೂರಿನಲ್ಲಿ ಹೇಗಾಯಿತು ನೆನಪಿದೆಯಲ್ಲ? ಕಾಯಬೇಕಾದ ತಾಯಿತವೇ ಒಳಗೆ ಹಾಕಿಸಿತು.

ಸುಮ್ನೆ ಕೇಳ್ದೆ

ಇಷ್ಟು ಹೊತ್ತು ತಮಾಷೆ ಮಾಡಿದೆ, ಈಗ ಸೀರಿಯಸ್ ಆಗಿ ಕೇಳುತ್ತೇನೆ. ನಮ್ಮೂರಲ್ಲಿ ಜಾಂಡೀಸ್‌ಗೆ ತಾಯಿತ ಕಟ್ಟಿಸಿಕೊಂಡು ಕೂತು ನನ್ನ ಚಿಕ್ಕಪ್ಪ ಹೋದರು. ಹೆಸರಿಗೊಂದು ಮಣಿ, ಮಾತಿಗೊಂದು ಮರ ಅಂತ ಎಲ್ಲರೂ ಚಂದ ಮಾಡಿ ಬರೆಯುತ್ತಿದ್ದೀರಿ. ಇದನ್ನು ನಂಬಿ ಎಷ್ಟು ಜನ ಸತ್ತಿದ್ದಾರೆ ಅಂತ ಯಾರೂ ಬರೆಯುತ್ತಿಲ್ಲ.

ಬಳ್ಳಾರಿ ಬಿಸಿಲು

ಬರೆಯುತ್ತೇನೆ. ಅದೂ ಇದರದ್ದೇ ಕಥೆ.

1947ರ ಮಾರ್ಚ್ 29ರ ರಾತ್ರಿ, ಆಗ ಮಡಗಾಸ್ಕರ್ ಆಳುತ್ತಿದ್ದ ಫ್ರೆಂಚರ ವಿರುದ್ಧ ದಂಗೆ ಶುರುವಾಯಿತು. ಮೊದಲ ದಾಳಿಗಳಲ್ಲಿ ಒಂದು ಮುರಾಮಾಂಗದ ಸೈನಿಕ ಶಿಬಿರದ ಮೇಲೆ. ದಂಗೆಕೋರರ ಕೈಯಲ್ಲಿ ಹೆಚ್ಚಾಗಿ ಈಟಿ, ಕತ್ತಿ. ಬಂದೂಕು ಬೆರಳೆಣಿಕೆಯಷ್ಟು. ಕೊರಳಲ್ಲಿ ಊಡಿ ಬಾಸಿ, ಅಂದರೆ ಬಂದೂಕಿನ ಊಡಿ. ಗುಂಡು ನೀರಾಗಲಿ ಅಂತ "ರಾನು! ರಾನು!" ಎಂದು ಕೂಗುತ್ತಾ ನುಗ್ಗಿದರು. ರಾನು ಅಂದರೆ ನೀರು. ಗುಂಡು ನೀರಾಗಲಿಲ್ಲ. ದಂಗೆಯಲ್ಲಿ, ಅದನ್ನು ಅಡಗಿಸುವಾಗ, ಕಾಡಿನಲ್ಲಿ ಹಸಿವು ರೋಗದಿಂದ ಸತ್ತವರ ಲೆಕ್ಕ 11,000ದಿಂದ 89,000ದ ತನಕ ಬೇರೆ ಬೇರೆಯಾಗಿ ಸಿಗುತ್ತದೆ. ಮಾರ್ಚ್ 29 ಇವತ್ತಿಗೂ ಅಲ್ಲಿ ಹುತಾತ್ಮರ ದಿನ, ಸರ್ಕಾರಿ ರಜೆ.

ಆದರೆ ಒಂದು ಮಾತು. ಅವರನ್ನು ಕೊಂದದ್ದು ಗುಂಡು. ಗುಂಡು ಹಾರಿಸಿದವರು ಯಾರು ಅನ್ನುವುದನ್ನು ಬಿಟ್ಟು ತಾಯಿತದ ಮೇಲೆ ಎಲ್ಲ ಹೊರೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಬಂದೂಕಿನ ಎದುರಿಗೆ ಈಟಿ ಹಿಡಿದು ನಿಲ್ಲುವವನಿಗೆ ಕಾಲು ಗಟ್ಟಿ ಮಾಡಿಕೊಳ್ಳಲು ಏನಾದರೂ ಬೇಕು. 1905ರಲ್ಲಿ ಜರ್ಮನರ ವಿರುದ್ಧ ಪೂರ್ವ ಆಫ್ರಿಕಾದಲ್ಲಿ ನಡೆದ ಮಾಜಿ ಮಾಜಿ ದಂಗೆಯಲ್ಲೂ ಇದೇ ನಂಬಿಕೆ ಇತ್ತು. ಅಲ್ಲೂ ಮಾಜಿ ಅಂದರೆ ನೀರೇ.

ಸುಮ್ನೆ ಕೇಳ್ದೆ

ಸರ್, ಕಾಲು ಗಟ್ಟಿಯಾಯಿತು, ತಲೆ ಹೋಯಿತು. ನನ್ನ ಮಾತು ಅದೇ. ಒಪ್ಪುವುದಿಲ್ಲ.

ಕರಿಮಣಿ

ಒಪ್ಪಬೇಕಿಲ್ಲ. ಚಿಕ್ಕಪ್ಪನ ವಿಷಯ ಓದಿ ಬೇಸರವಾಯಿತು. ಕಾಯಿಲೆಗೆ ಡಾಕ್ಟರ ಹತ್ತಿರ ಹೋಗಬೇಕು, ಅದರಲ್ಲಿ ಎರಡು ಮಾತಿಲ್ಲ.

ನನಗೆ ಕಾಣುವ ತೊಡಕು ಇನ್ನೊಂದು ಕಡೆ ಇದೆ. ಊಡಿ ಯಾವತ್ತೂ ಸೋಲುವುದಿಲ್ಲ. ಕೆಲಸ ಮಾಡದಿದ್ದರೆ ನೀನು ಫಾಡಿ ಮುರಿದಿದ್ದೀಯ ಅನ್ನುತ್ತಾರೆ, ಇಲ್ಲವೇ ಎದುರಾಳಿಯ ಊಡಿ ಜೋರಾಗಿತ್ತು ಅನ್ನುತ್ತಾರೆ. ತಪ್ಪು ಯಾವಾಗಲೂ ಕಟ್ಟಿಕೊಂಡವನದ್ದೇ. ಇದನ್ನು ನಾನು ಚಂದ ಮಾಡಿ ಹೇಳಲಾರೆ.

ಇನ್ನೊಂದು ವಿಷಯ. ಅಲ್ಲಿನ ಜನ ಎಲ್ಲ ಊಡಿಯನ್ನೂ ಕಣ್ಣು ಮುಚ್ಚಿ ಪೂಜಿಸುತ್ತಾರೆ ಅಂದುಕೊಳ್ಳಬೇಡಿ. ಹೆದರುತ್ತಾರೆ, ಬೈಯುತ್ತಾರೆ ಕೂಡ. ಡೇವಿಡ್ ಗ್ರೇಬರ್ ಎಂಬ ಮಾನವಶಾಸ್ತ್ರಜ್ಞ 1989ರಿಂದ 1991ರ ತನಕ ರಾಜಧಾನಿಯ ಪಶ್ಚಿಮಕ್ಕೆ ಅರಿವುನಿಮಾಮು ಬಳಿಯ ಹಳ್ಳಿಯಲ್ಲಿದ್ದು ಇದನ್ನೆಲ್ಲ ಬರೆದರು. ಊಡಿ ಫಿಟಿಯ, ಅಂದರೆ ವಶೀಕರಣದ ಊಡಿ. ಅದನ್ನು ಪ್ರೀತಿ ಅಂತ ಯಾರೂ ಕರೆಯುವುದಿಲ್ಲ. ಇನ್ನೊಬ್ಬರನ್ನು ಹೇಳಿದ ಹಾಗೆ ಕೇಳುವ ಗುಲಾಮರನ್ನಾಗಿ ಮಾಡಿಕೊಳ್ಳುವುದು ಅಂತಲೇ ಅವರ ಲೆಕ್ಕ. ಗುಲಾಮಗಿರಿಯನ್ನು 1896ರ ತನಕ ಕಂಡ ನಾಡು ಅದು. ಆ ಮಾತಿಗೆ ಅಲ್ಲಿ ತೂಕ ಬೇರೆ. ಕಾಯುವ ಊಡಿ ಬಲ್ಲವನಿಗೆ ಕೆಡಿಸುವ ಊಡಿಯೂ ಗೊತ್ತಿರುತ್ತದೆ ಅಲ್ವಾ? ನಿಮ್ಮ ಅಡುಗೆಯಮ್ಮ ಷೆಲ್ಫ್ ಮುಟ್ಟದೇ ಇರುವುದು ಭಕ್ತಿಗೆ ಇರಲಾರದು. ಇದನ್ನು ಯಾರು, ಯಾರ ಮೇಲೆ, ಯಾಕೆ ಮಾಡಿಸಿದ್ದು ಅಂತ ಅವರಿಗೆ ಗೊತ್ತಿಲ್ಲ. ಅದೇ ಭಯ.

ಮದ್ದೂರ್ ಬಾಯ್

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ತಿಳಿಯುತ್ತದೆ ಅಂದುಕೊಂಡಿರಲಿಲ್ಲ. ಇಲ್ಲಿ ಬಂದೂಕಿನ ಊಡಿ ಮುಗಿದ ಕಥೆ ಅಲ್ಲ. ದಕ್ಷಿಣದಲ್ಲಿ ದನ ಕದಿಯುವ ಗ್ಯಾಂಗುಗಳಿವೆ, ದಹಾಲು ಅನ್ನುತ್ತಾರೆ. ಗುಂಡು ತಾಗದ ಊಡಿ ಕಟ್ಟಿಕೊಂಡೇ ಬರುತ್ತಾರಂತೆ. ಲೈನಿನಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಇನ್ನೊಂದು ಹೇಳಿದಳು. ಸತ್ತವರನ್ನು ಸಮಾಧಿಯಿಂದ ಹೊರತಂದು ಹೊಸ ರೇಷ್ಮೆ ಸುತ್ತುವ ಫಾಮಾಡಿಹಾನ ಹಬ್ಬ ಇದೆಯಲ್ಲ, ಆಗ ಹಿರಿಯರನ್ನು ಮಲಗಿಸಿದ್ದ ಚಾಪೆಯ ಚೂರಿಗೆ ಹೆಂಗಸರು ಮುಗಿಬೀಳುತ್ತಾರಂತೆ. ಹಾಸಿಗೆ ಕೆಳಗೆ ಇಟ್ಟುಕೊಂಡರೆ ಮಕ್ಕಳಾಗುತ್ತವೆ ಅಂತ. ಅವಳ ಅಕ್ಕನ ಹತ್ತಿರ ಇದೆಯಂತೆ. ಹೇಳಿ ಜೋರಾಗಿ ನಕ್ಕಳು.

ಕರಿಮಣಿ ಮೇಡಂ, ನೀವು ಕೇಳಿದ ಮೂರು ನೋಡಿದೆ. ವಾಸನೆ: ಜೇನಿನದ್ದಲ್ಲ, ಬೂಟ್ ಪಾಲಿಶ್ ಥರ ಇದೆ. ಮಣಿಯ ತೂತು: ಅಂಚು ಚೂಪಾಗಿದೆ, ಬೆರಳಿಗೆ ತಾಗುತ್ತದೆ. ದಾರ: ಇದನ್ನು ಹೇಳಲು ನಾಚಿಕೆ ಆಗುತ್ತದೆ. ಹನ್ನೆರಡು ವರ್ಷದಿಂದ ದಾರ ನೋಡಿಯೇ ಅನ್ನ ತಿನ್ನುತ್ತಿದ್ದೇನೆ. 40/2 ಪಾಲಿಯೆಸ್ಟರ್. ನಮ್ಮ ಫ್ಯಾಕ್ಟರಿಯಲ್ಲಿ ಷರ್ಟಿನ ಕಾಲರ್ ಹೊಲಿಯುವುದೂ ಅದರಲ್ಲೇ.

ಸುಮ್ನೆ ಕೇಳ್ದೆ

ಅಯ್ಯೋ ಗುರು! ಕ್ವಾಲಿಟಿ ಚೆಕಿಂಗ್!

ಕರಿಮಣಿ

ದಾರ ಒಂದನ್ನೇ ನೋಡಿ ತೀರ್ಮಾನಿಸಬೇಡಿ. ಹಳೇ ಊಡಿಗೂ ದಾರ ಹರಿದರೆ ಹೊಸದು ಹಾಕುತ್ತಾರೆ. ಆದರೆ ಮೂರೂ ಸೇರಿದರೆ ಪ್ರವಾಸಿಗಳಿಗೆ ಅಂತಲೇ ಮಾಡಿದ್ದು ಅನಿಸುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. ನಿಜವಾದದ್ದಾಗಿದ್ದರೆ ಅದು ಯಾವುದೋ ಮನೆಯಿಂದ ಕದ್ದು ಬಂದದ್ದಾ ಅಂತ ಯೋಚನೆ ಮಾಡಬೇಕಾಗುತ್ತಿತ್ತು. ಮ್ಯೂಸಿಯಂನಲ್ಲಿ ನಮ್ಮ ತಲೆನೋವೇ ಅದು.

ಮದ್ದೂರ್ ಬಾಯ್

ಕೊನೆಯ ಸಮಾಚಾರ. ಇವತ್ತು ನಮ್ಮ ಸ್ಟೋರ್ಸ್‌ನ ಹಿರಿಯರಿಗೆ ತೋರಿಸಿದೆ. ಅರವತ್ತು ದಾಟಿದವರು, ಹಳ್ಳಿಯ ಕಡೆಯವರು. ಕಾಗದದಲ್ಲಿ ಸುತ್ತಿ ಬ್ಯಾಗಿನಲ್ಲಿ ಒಯ್ದಿದ್ದೆ. ತೆಗೆದ ತಕ್ಷಣ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಕನ್ನಡಕ ಹಾಕಿಕೊಂಡು, ಬಗ್ಗಿ, ಮೂಸಿದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಏನೂ ಸದ್ದಿಲ್ಲ. ಕತ್ತರಿಯ ಹಿಡಿ ಎಳೆದರು, ಸಲೀಸಾಗಿ ಬಂತು. ಅರ್ಧ ಕತ್ತರಿ! ಅಲಗೇ ಇಲ್ಲ. ಅವರು ನಕ್ಕ ನಗು ಇಡೀ ಸ್ಟೋರ್ಸ್‌ಗೆ ಕೇಳಿಸಿತು. ಬೆಲೆ ಕೇಳಿ ಇನ್ನೊಮ್ಮೆ ನಕ್ಕರು.

ಹಿಡಿಯನ್ನು ಮತ್ತೆ ಅದೇ ತೂತಿಗೆ ಚುಚ್ಚಿ, ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟರು. ಕೊಡುವಾಗ ಏನೋ ಅಂದರು. ಪಕ್ಕದ ಹುಡುಗ ಅನುವಾದ ಮಾಡಿದ: "ಖಾಲಿ ಕೊಂಬು, ಇಟ್ಟುಕೋ. ಆದರೆ ಅದರ ಮುಂದೆ ಏನನ್ನೂ ಕೇಳಿಕೊಳ್ಳಬೇಡ."

ಅಡುಗೆಯಮ್ಮನಿಗೂ ವಿಷಯ ಹೇಳಿಸಿದೆ. ಅವರೂ ನಕ್ಕರು. ಷೆಲ್ಫ್ ಮಾತ್ರ ಹಾಗೇ ಇದೆ. ಭಾನುವಾರ ನಾನೇ ಒರೆಸುತ್ತೇನೆ, ಬಾಯಿ ಮುಚ್ಚಿಕೊಂಡು.